ಎಳ್ಳುಕಾಳಿನಷ್ಟು ಉಣ್ಣಿ

ಕೋಲ್ಡ್ ಸ್ಪ್ರಿಂಗ್, ಆರ್ಕನ್ಸಾ
ಮಂಗಳವಾರ, ನವೆಂಬರ್ 5, 2019

ನನ್ನ ಕೈಯ ವಿಷ ಉಂಡೂ ಬದುಕುಳಿದ ಪ್ರೀತಿಯ ಹಾಲಿಸ್‌ಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ನಿನ್ನ ಬೇಟೆಯ ಕೋಟು ಒಯ್ಯಲು ಬಂದ ನಿನ್ನ ತಮ್ಮ ಡಾರ್ಸಿಯನ್ನು ಅಡುಗೆಮನೆಯಲ್ಲಿ ಕೂರಿಸಿ ಇದನ್ನು ಬರೆಯುತ್ತಿದ್ದೇನೆ. ಕಾಫಿ ಕೊಟ್ಟೆ. "ಬೇಡ ಅತ್ತಿಗೆ, ಮೊದ್ಲೇ ನನ್ ಹಾರ್ಟು ವೀಕು" ಎಂದು ಕಪ್ಪನ್ನು ಎರಡು ಬೆರಳಲ್ಲಿ ಅತ್ತ ಸರಿಸಿದ. ನಿನ್ನ ಪ್ರಚಾರಕಾರ್ಯ ಚೆನ್ನಾಗಿಯೇ ನಡೆದಿದೆ.

ಮೊದಲು ಮುಖ್ಯ ಮಾತು. ಶನಿವಾರ ಬೇಟೆ ಶುರು. ಮೊದಲ ಜಿಂಕೆಯ ಗುಂಡಿಗೆ ಹುರಿದು, ಹೊಡೆದವನೇ ಮೊದಲ ತುತ್ತು ತಿನ್ನಬೇಕೆಂಬುದು ನಿಮ್ಮ ಶಿಬಿರದ ಶಾಸ್ತ್ರ. ಈ ಸಲ ಅದನ್ನು ಬಾಯಿಗಿಡಬೇಡ. ಇಟ್ಟರೆ ಐದು ತಾಸು ಕಳೆದ ಮೇಲೆ, ರಸ್ತೆಯಿಂದ ಹದಿನಾಲ್ಕು ಮೈಲಿ ದೂರದ ಕಾಡಿನಲ್ಲಿ, ನಿನ್ನ ಗಂಟಲು ಮುಚ್ಚಿಕೊಂಡೀತು.

ಜೂನಿನ ಮೂರು ಭಾನುವಾರ ಮಧ್ಯಾಹ್ನ ನೀನು ನನ್ನ ಕೈಯ ಹಂದಿಮಾಂಸದಡುಗೆ ಉಂಡೆ. ಮೂರು ಸಂಜೆಯೂ ಮೈತುಂಬ ದದ್ದೆದ್ದು ಉಸಿರಿಗೆ ಒದ್ದಾಡಿದೆ. ಕೊನೆಗೆ ಚರ್ಚಿನ ಮೆಟ್ಟಿಲ ಮೇಲೆ ನಿಂತು, "ಇವಳು ನಂಗೆ ವಿಷ ಹಾಕ್ತಿದಾಳೆ ಕಣ್ರಪ್ಪಾ!" ಎಂದು ಸಾರಿ, ಡಾರ್ಸಿಯ ಮನೆ ಸೇರಿದೆ. ಅವನ ಹೃದಯದ ಡಾಕ್ಟರು ಕೊಬ್ಬು ಬಿಡಿಸಿದ್ದರಿಂದ ಅಲ್ಲಿ ಬರೀ ಮೀನು, ಕೋಳಿ, ಕಡಲೆಕಾಯಿ ಎಣ್ಣೆ. ನೀನು ಗುಂಡುಕಲ್ಲಿನಂತಾದೆ. ಹೆಂಡತಿಯ ಊಟ ಬಿಟ್ಟ, ಗಂಡ ಬದುಕಿದ! ಊರಿಗೆ ಇನ್ನೇನು ಸಾಕ್ಷಿ ಬೇಕು?

ಆದರೆ ಕಳೆದ ತಿಂಗಳು ನಾನೇ ಬೇಯಿಸಿದ ದನದ ಮಾಂಸವನ್ನು ನಾನೊಬ್ಬಳೇ ಉಂಡೆ. ಸಂಜೆ ತಂತಿಯ ಮೇಲಿನ ಬಟ್ಟೆ ತೆಗೆಯುವಾಗ ಅಂಗೈ ತುರಿಸಿತು, ತುಟಿ ಬನ್ನಿನಂತೆ ಉಬ್ಬಿತು. ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸಿದರು. ವಿಷ ಹಾಕಿದರೆಂದು ದೂರಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ ನೋಡು.

ಡಾಕ್ಟರಮ್ಮ ಕೇಳಿದ್ದು ಒಂದೇ: "ಈ ವರ್ಷ ಉಣ್ಣಿ ಕಚ್ಚಿತ್ತಾ?"

"ಕಚ್ಚಿಲ್ಲ ಅನ್ನೋರು ಈ ಬೆಟ್ಟದೋರೇ ಅಲ್ಲ ಡಾಕ್ಟ್ರೇ" ಎಂದು ನಕ್ಕೆ. ಅವರು ನಗಲಿಲ್ಲ, ರಕ್ತ ತೆಗೆದುಕೊಂಡರು. ಫಲಿತಾಂಶ ನಿನ್ನೆ ಬಂತು.

ನೆನಪಿದೆಯಾ, ಏಪ್ರಿಲ್‌ನಲ್ಲಿ ಹಳ್ಳದಾಚೆ ಅಣಬೆ ಆರಿಸಲು ಹೋಗಿ ಬಂದು, ಒಬ್ಬರ ಬೆನ್ನಿಂದ ಒಬ್ಬರು ಹನ್ನೊಂದು ಉಣ್ಣಿ ಕಿತ್ತಿದ್ದು? ಕೆಲವಕ್ಕೆ ಬೆನ್ನ ಮೇಲೆ ಬಿಳಿ ಚುಕ್ಕೆ ಇತ್ತು. ಅಂಥ ಉಣ್ಣಿಯ ಎಂಜಲಲ್ಲಿ ಒಂದು ಬಗೆಯ ಸಕ್ಕರೆ ಇದೆಯಂತೆ. ಅದೇ ಸಕ್ಕರೆ ಜಿಂಕೆ, ಹಂದಿ, ದನ, ಅಳಿಲು, ಎಲ್ಲದರ ಮಾಂಸದಲ್ಲೂ ಇದೆಯಂತೆ. ನಮ್ಮಲ್ಲಿಲ್ಲ, ಹಕ್ಕಿಯಲ್ಲಿಲ್ಲ, ಮೀನಿನಲ್ಲಿಲ್ಲ. ಒಮ್ಮೆ ಕಚ್ಚಿಸಿಕೊಂಡ ರಕ್ತ ಆ ಸಕ್ಕರೆಯನ್ನು ಶತ್ರು ಎಂದು ಗುರುತಿಟ್ಟುಕೊಳ್ಳುತ್ತದಂತೆ, ಕೆಲವರಲ್ಲಿ ಬೇಗ, ಕೆಲವರಲ್ಲಿ ತಿಂಗಳುಗಟ್ಟಲೆ ತಡವಾಗಿ.

ಹಾಲಿಸ್, ನಿನ್ನೆ ಇದನ್ನು ಕೇಳಿದ ಮೇಲೆ ನಾನು ವರಾಂಡದಲ್ಲಿ ಬಾಯಿ ತೆರೆದುಕೊಂಡು ಕೂತುಬಿಟ್ಟೆ. ನಮ್ಮ ಪಾದ್ರಿಗಳು ಹೊಟ್ಟೆಬಾಕತನ ಪಾಪವೆಂದು ಮೂವತ್ತು ವರ್ಷ ಬೋಧಿಸಿಯೂ ನಿನ್ನಿಂದ ಒಂದು ತುಂಡು ಹಂದಿಮಾಂಸ ಬಿಡಿಸಲಾಗಲಿಲ್ಲ. ಎಳ್ಳುಕಾಳಿನಷ್ಟು ಜೀವ, ಅದಕ್ಕೆ ಕಣ್ಣೂ ಸರಿಯಾಗಿ ಕಾಣದಂತೆ, ನಮ್ಮಿಬ್ಬರ ರಕ್ತದೊಳಗೆ ಒಂದು ಹೊಸ ಕಟ್ಟಳೆ ಬರೆದು ಹೋಯಿತು. ಹೆಸರು ಮಾತ್ರ ಉಣ್ಣಿ, ಹೇಳುವುದು ಉಣ್ಣಬೇಡಿ! ಇಂದು ಬೆಳಿಗ್ಗೆ ಒಂದು ಹೆಣ್ಣುಜಿಂಕೆ ಬೇಲಿ ದಾಟಿ ನನ್ನ ಎಲೆಕೋಸು ಮೇಯುತ್ತಿತ್ತು. ಓಡಿಸಲು ಎದ್ದವಳು ಸುಮ್ಮನೆ ನಿಂತೆ. ನಲವತ್ತು ವರ್ಷ ನೀನು ಅದರ ಕುಲಕ್ಕೆ ಗುರಿಯಿಟ್ಟೆ. ಅದರ ಮೈಯ ಧೂಳಿನಂಥ ಹುಳು ನಿನಗಿಂತ ಚೆನ್ನಾಗಿ ಗುರಿಯಿಟ್ಟಿತ್ತು.

ಡಾರ್ಸಿಗೆ ಇಷ್ಟನ್ನೂ ಓದಿ ಹೇಳಿದೆ. "ಅಂದ್ರೆ ಅತ್ತಿಗೆ, ಐದ್ ತಿಂಗ್ಳಿಂದ ಅಣ್ಣ ನನ್ ಕೋಳೀನೆಲ್ಲಾ ಸುಮ್‌ಸುಮ್ನೆ ಖಾಲಿ ಮಾಡ್ದಾ?" ಎಂದವನೇ ಆರಿದ ಕಾಫಿಯನ್ನು ಗಟಗಟ ಕುಡಿದ. ಅವನ ಕೈಯಲ್ಲಿ ಡಾಕ್ಟರಮ್ಮ ಕೊಟ್ಟ ಪೆನ್ನಿನಂಥ ಸೂಜಿಮದ್ದು ಕಳಿಸಿದ್ದೇನೆ. ಗಂಟಲು ಬಿಗಿದರೆ ತೊಡೆಗೆ ಒತ್ತಿಕೊಂಡು ಆಸ್ಪತ್ರೆಗೆ ಓಡು. ಶುಕ್ರವಾರದೊಳಗೆ ರಕ್ತ ಪರೀಕ್ಷೆಗೆ ಕೊಡು. ನನ್ನನ್ನು ನಂಬಬೇಡ, ಪರವಾಗಿಲ್ಲ. ನಿನ್ನ ರಕ್ತವನ್ನಾದರೂ ನಂಬು.

ಈಗಲೂ ನಿನ್ನವಳೇ ಆದ,
ಅರ್ವೆಲಾ

ಮರೆತ ಮಾತು: ನಿನ್ನ ಅಮ್ಮನ ಕಬ್ಬಿಣದ ಬಾಣಲೆಯನ್ನು ಸೋಪು ಹಾಕಿ ತಿಕ್ಕಿಬಿಟ್ಟಿದ್ದೇನೆ. ಅರವತ್ತು ವರ್ಷದ ಹಂದಿಕೊಬ್ಬಿನ ಮೆರುಗು ಹೋಯಿತು. ಡಾಕ್ಟರು ಹೇಳಿದ ಮೇಲೆ ತಿಕ್ಕಿದ್ದೆಂದು ಡಾರ್ಸಿಗೆ ಹೇಳಿದ್ದೇನೆ. ಅದು ಸುಳ್ಳು. ನೀನು ಹೊರಟುಹೋದ ಸಂಜೆಯೇ ತಿಕ್ಕಿದೆ. ನನ್ನ ಕೈಯಲ್ಲೇ ಏನೋ ಇದೆಯೇನೋ ಎಂದು ನನಗೂ ಅನ್ನಿಸಿತ್ತು. ಈಗ ಎಣ್ಣೆ ಸವರಿ ಒಲೆಯ ಮೇಲಿಟ್ಟಿದ್ದೇನೆ. ಮತ್ತೆ ಕಪ್ಪಾಗಬೇಕಾದರೆ ದಿನವೂ ಅಡುಗೆಯಾಗಬೇಕು. ಒಬ್ಬಳ ಊಟಕ್ಕೆ ಅದು ತೀರ ದೊಡ್ಡದು.