ಬೆಟ್ಟದ ಉಳಿದ ಕಾಲುಭಾಗವನ್ನು ನನ್ನ ಮಗಳಿಗೆ ಹಿಂದಿರುಗಿಸಿ

ಸೈಕಲ್ ಯಾತ್ರಾ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ಸಮಸ್ತ ಜನತೆಗೆ ಈ ಮೂಲಕ ಘೋಷಿಸುವುದೇನೆಂದರೆ, ನನ್ನ ಎಡ ಮೊಣಕಾಲು ಸಾರ್ವಜನಿಕ ಜೀವನದಿಂದ ನಿವೃತ್ತಿ ಪಡೆದಿದೆ. ಸನ್ಮಾನ ಬೇಡ, ಮುಲಾಮು ಕೊಟ್ಟರೆ ಒಲ್ಲೆ ಎನ್ನುವುದಿಲ್ಲ. ಮೊಣಕಾಲು ನನ್ನದೇ ಆದ್ದರಿಂದ ಅದರ ಬಗ್ಗೆ ತಕರಾರಿಲ್ಲ. ಅದು ಕೈಕೊಟ್ಟ ತಪ್ಪಿಗೆ ತಾವು ನನ್ನ ಮಗಳನ್ನು ಸೈಕಲ್ಲಿನಿಂದ ಇಳಿಸಿದಿರಲ್ಲ, ತಕರಾರು ಅದು.

‘ಕುಟುಂಬ ಸಮೇತ ಬನ್ನಿ, ತುಳಿಯುತ್ತ ಹತ್ತಿರವಾಗಿ’ ಎಂದು ತಮ್ಮ ಭಿತ್ತಿಪತ್ರ ಕರೆದಿತ್ತು. ಹತ್ತಿರವಾದೆವು, ಸುಳ್ಳು ಹೇಳಲಾರೆ. ಐದು ದಿನ ಖಾಲಿ ಶಾಲೆಗಳ ಸಿಮೆಂಟು ನೆಲದ ಮೇಲೆ ಒಂದೇ ಹಾಸಿಗೆಯಲ್ಲಿ ಮಲಗಿದರೆ ಶತ್ರುಗಳೂ ಹತ್ತಿರವಾಗುತ್ತಾರೆ. ಹನ್ನೊಂದು ವರ್ಷದ ನನ್ನ ಮಗಳು ಹೊರಡುವ ಮುಂಚೆಯೇ ಒಂದು ಪಣ ತೊಟ್ಟಿದ್ದಳು: ಸೈಕಲ್ ತಳ್ಳಿಕೊಂಡು ನಡೆಯಬಾರದು, ಯಾತ್ರೆಯ ಹಿಂದೆ ಬರುವ ಗಾಡಿ ಹತ್ತಬಾರದು, ಕೊನೆಯ ಬೆಟ್ಟದ ನೆತ್ತಿಯವರೆಗೂ ತುಳಿದೇ ಹೋಗಬೇಕು. ಆದರೆ ತಮ್ಮ ನಿಯಮಾವಳಿಯಲ್ಲಿ ಪೋಷಕರೂ ಮಗುವೂ ‘ಒಂದೇ ಘಟಕ’. ಒಬ್ಬರು ಗಾಡಿ ಹತ್ತಿದರೆ ಇನ್ನೊಬ್ಬರೂ ಹತ್ತತಕ್ಕದ್ದು.

ಹೀಗಾಗಿ ಮೂರನೆಯ ದಿನ ಮೊಣಕಾಲು ಕಟಕಟ ಎನ್ನತೊಡಗಿದಾಗ ನಾನು ಬಾಯಿ ಬಿಡಲಿಲ್ಲ. ಆ ಸದ್ದು ಚೈನಿನದು, ಎಣ್ಣೆ ಆರಿದೆ ಎಂದುಬಿಟ್ಟೆ. ಪಾಪ, ಹುಡುಗಿ ಸಂಜೆ ಶಾಲೆಯ ಮೆಟ್ಟಿಲ ಮೇಲೆ ಕೂತು ನನ್ನ ಚೈನನ್ನು ಒರೆಸಿ, ಕೊಂಡಿ ಕೊಂಡಿಗೂ ಎಣ್ಣೆ ಬಿಟ್ಟಳು. ಬೆಳಿಗ್ಗೆ ಮತ್ತೆ ಕಟಕಟ. ನನ್ನ ಮುಖ ನೋಡಿದಳು. ಅಲ್ಲಿಂದ ಮುಂದೆ ಏರು ಬಂದಲ್ಲೆಲ್ಲ ಅವಳೂ ನಿಧಾನವಾಗಿ ತುಳಿದಳು.

ಕೊನೆಯ ದಿನ, ಜಲಾಶಯದ ಬೆಟ್ಟ. ಮುಕ್ಕಾಲು ಪಾಲು ಏರಿದ ಮೇಲೆ ಮೊಣಕಾಲು ನಿಂತೇ ಹೋಯಿತು. ಹಿಂದುಳಿದವರನ್ನು ಹೆಕ್ಕಿಕೊಂಡು ಬರುವ ತಮ್ಮ ಗಾಡಿ ಪಕ್ಕಕ್ಕೆ ಬಂತು.

“ಸಾಕು ಹತ್ತಿ ಅಕ್ಕಾ, ನಿಮ್ಮನ್ನ ನೋಡಿ ನನಗೇ ಏದುಸಿರು ಬರ್ತಿದೆ,” ಎಂದ ಚಾಲಕ.

“ನೀನು ಹತ್ತಮ್ಮಾ. ನಾನು ಮೇಲೆ ಸಿಗ್ತೀನಿ,” ಎಂದಳು ಮಗಳು.

“ಹಾಗೆಲ್ಲ ಆಗಲ್ಲ ಪುಟ್ಟಿ. ನೀವಿಬ್ಬರೂ ಒಂದೇ ಅಂತ ಲೆಕ್ಕ.”

“ಒಂದೇ ಅಂದ್ಮೇಲೆ ನಾನು ಮೇಲೆ ಹೋದ್ರೆ ಅಮ್ಮನೂ ಹೋದ ಹಾಗೆ ಅಲ್ವಾ?”

ಚಾಲಕ ತಲೆ ಕೆರೆದುಕೊಂಡ. “ಸರಿನೇ ಕಣಮ್ಮಾ. ಆದ್ರೆ ಇದನ್ನ ನಮ್ಮ ಸಾಹೇಬ್ರಿಗೆ ಹೇಳೋರು ಯಾರು?”

ನಾನು ಹೇಳುತ್ತಿದ್ದೇನೆ, ಮಾನ್ಯರೇ. ನನ್ನ ಸೋಲು ಅವಳಿಗೆ ಅಂಟುವುದಾದರೆ ಅವಳ ಗೆಲುವು ನನಗೇಕೆ ಅಂಟಬಾರದು? ಒಂದೇ ಘಟಕವೆಂಬುದು ಇಳಿಸುವಾಗ ಮಾತ್ರವೇ? ನಮ್ಮ ಗುಂಪಿನಲ್ಲೇ ಒಬ್ಬ ಮಹನೀಯರು ಬ್ಯಾಟರಿ ಸೈಕಲ್ಲಿನ ಮೇಲೆ ಕೂತು, ಫೋನಿನಲ್ಲಿ ಮನೆ ಬಾಡಿಗೆಯ ಚೌಕಾಸಿ ಮಾಡುತ್ತ ಬೆಟ್ಟ ಏರಿದರು. ಅವರು ಯಾತ್ರೆ ‘ಪೂರ್ಣಗೊಳಿಸಿದವರು’. ಅವರೂ ಅವರ ಬ್ಯಾಟರಿಯೂ ಬಹುಶಃ ಬೇರೆ ಬೇರೆ ಘಟಕ.

ಗಾಡಿಯಲ್ಲಿ ಮಗಳು ಹೆಲ್ಮೆಟ್ ತೆಗೆಯಲಿಲ್ಲ. ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದವರನ್ನೆಲ್ಲ ನಾವು ಒಬ್ಬೊಬ್ಬರಾಗಿ ದಾಟಿದೆವು. ಪ್ರತಿ ಸಲವೂ ಅವಳು ಕಿಟಕಿಯಿಂದ ಮುಖ ತಿರುಗಿಸಿಕೊಂಡಳು. ನೆತ್ತಿಯ ಮೇಲೆ ತಾವೇ ಪದಕ ಹಿಡಿದು ನಿಂತಿದ್ದಿರಿ. “ನಾನು ಮುಗಿಸಿಲ್ಲ ಸರ್,” ಎಂದಳು. “ಇರ್ಲಿ ಬಾ ಪುಟ್ಟಿ, ಫೋಟೋದವರು ಕಾಯ್ತಿದಾರೆ,” ಎಂದಿರಿ. ಫೋಟೋ ಚೆನ್ನಾಗಿ ಬಂದಿದೆ. ಅದರಲ್ಲಿ ತಾವೊಬ್ಬರೇ ನಗುತ್ತಿದ್ದೀರಿ.

ಅಂದಿನಿಂದ ಅವಳ ಸೈಕಲ್ ಬಾಗಿಲ ಹಿಂದೆಯೇ ಇದೆ, ಅದರ ಹ್ಯಾಂಡಲ್ಲಿಗೆ ನಾವು ಛತ್ರಿ ನೇತು ಹಾಕುತ್ತಿದ್ದೇವೆ. ತಮ್ಮ ಕಚೇರಿಗೂ ಹೋಗಿ ಬಂದೆ. “ಪದಕ ಕೊಟ್ಟಾಯ್ತಲ್ಲ ಮೇಡಂ, ಇನ್ನೇನು ಬೇಕು?” ಎಂದರು ಗುಮಾಸ್ತರು. “ಬೆಟ್ಟ ಬೇಕು,” ಎಂದೆ. “ಬೆಟ್ಟ ನಮ್ಮ ಸೆಕ್ಷನ್ನಿಗೆ ಬರಲ್ಲ,” ಎಂದು ಫ್ಯಾನಿನ ಕೆಳಗೆ ಕುರ್ಚಿ ಸರಿಸಿಕೊಂಡರು. ವಾದ ಮಾಡಲು ನನಗೂ ತ್ರಾಣವಿರಲಿಲ್ಲ. ಯಾತ್ರೆಯ ದಿನ ಬಿಟ್ಟರೆ ಬೆಟ್ಟದ ರಸ್ತೆಯ ಗೇಟಿಗೆ ಬೀಗ, ಬೀಗದ ಕೈ ತಮ್ಮ ಮೇಜಿನ ಖಾನೆಯಲ್ಲಿ ಎಂಬಷ್ಟನ್ನು ಮಾತ್ರ ತಿಳಿದು ಬಂದೆ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಯಾವುದಾದರೂ ಒಂದು ಭಾನುವಾರ ಬೆಳಿಗ್ಗೆ ಆ ಗೇಟು ತೆರೆಸಿ. ಭಾಷಣ ಬೇಡ, ಫೋಟೋದವರು ಖಂಡಿತ ಬೇಡ. ಮಗುವಿನ ಜೊತೆ ಸೈಕಲ್ ಮೇಲೆ ದೊಡ್ಡವರೊಬ್ಬರು ಇರಲೇಬೇಕೆಂದರೆ ಇರಲಿ, ಒಪ್ಪಿದೆ. ಆ ದೊಡ್ಡವರು ನಾನೇ ಆಗಬೇಕೆಂದು ಮಾತ್ರ ಹಟ ಹಿಡಿಯಬೇಡಿ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಬೆಟ್ಟ ಹತ್ತದ ಘಟಕದ
ಹಿರಿಯ ಅರ್ಧ

ತಾ.ಕ.: ಪತ್ರಿಕೆಯಲ್ಲಿ ಈ ಬಹಿರಂಗ ಪತ್ರ ನೋಡುವ ಓದುಗರಲ್ಲಿ ಒಂದು ಸಣ್ಣ ವಿನಂತಿ. ವೈದ್ಯರು ನನ್ನನ್ನು ಸೈಕಲ್ ಹತ್ತಿರ ಬಿಡುತ್ತಿಲ್ಲ. ನಮ್ಮ ಯಜಮಾನರಿಗೆ ಸೈಕಲ್ ಬರುವುದಿಲ್ಲ. ನಿಮ್ಮಲ್ಲಿ ಗಟ್ಟಿ ಮೊಣಕಾಲಿನ ಹೆಂಗಸರು ಯಾರಾದರೂ ಇದ್ದರೆ, ಗೇಟು ತೆರೆದ ದಿನ ಒಂದು ಗಂಟೆ ಬಿಡುವು ಮಾಡಿಕೊಂಡು ಬನ್ನಿ. ಅವಳನ್ನು ಹುರಿದುಂಬಿಸಬೇಡಿ, ಏರಿನಲ್ಲಿ ಮಾತಾಡಿಸಲೂ ಬೇಡಿ. ಮತ್ತೆ, ದಯವಿಟ್ಟು ನಿಧಾನ ಮಾಡಬೇಡಿ, ನಿಮಗಾಗಿ ಕಾಯುತ್ತ ನಿಂತುಬಿಡುತ್ತಾಳೆ.