ಕೆನ್ನೆಯಲ್ಲಿ ಉಳಿಸಿದ ಗಾಳಿ

ಹಾಸ್ಟೆಲ್, ರೂಮ್ ನಂ. 14
ಅಕ್ಟೋಬರ್ 9, ಶುಕ್ರವಾರ

ಪ್ರೀತಿಯ ಅಪ್ಪನಿಗೆ,

ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮಿಸಿ. ಫೋನ್ ಇರುವಾಗ ಇದೇನು ಹೊಸ ನಾಟಕ ಅಂದುಕೊಳ್ಳಬೇಡಿ. ಫೋನ್ ಮಾಡಿದರೆ ನೀವು "ತಾಳು, ಅಮ್ಮಂಗೆ ಕೊಡ್ತೀನಿ" ಅನ್ನುತ್ತೀರಿ. ಎರಡು ತಿಂಗಳಿಂದ ನಮ್ಮಿಬ್ಬರ ಮಾತು ಅಷ್ಟೇ. ಕಾಗದವನ್ನಾದರೆ ನೀವೇ ಒಡೆಯಬೇಕಲ್ಲ. ಕಾಗುಣಿತ ನೋಡಿ ನಗಬೇಡಿ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳ ಬರವಣಿಗೆ ಇಷ್ಟೇ.

ಊಟ ಪರವಾಗಿಲ್ಲ. ನಿದ್ದೆ ಅಷ್ಟಕ್ಕಷ್ಟೆ. ಈ ಹೊಸ ಕಾಲೇಜಿನ ಕ್ಲಾಸಿನಲ್ಲಿ ಹೆಸರು ಕೂಗಿದರೆ 'ಪ್ರೆಸೆಂಟ್' ಅನ್ನುವುದಕ್ಕೂ ಟೆನ್ಶನ್. ಮೊದಲ ಮೂರು ವಾರ ಅದೊಂದು ಪದ ಬಿಟ್ಟು ಬೇರೇನೂ ಮಾತಾಡಿರಲಿಲ್ಲ.

ಆಮೇಲೆ ವೆಲ್‌ಕಮ್ ಡೇಗೆ ಒಬ್ಬ ಕಲಾವಿದರು ಬಂದರು. ಒಬ್ಬರೇ ಮನುಷ್ಯ, ಒಂದೂವರೆ ಗಂಟೆ! ಹಾಡಿದರು, ಕಾಲುಚೀಲದ ಗೊಂಬೆಯ ಜೊತೆ ಜಗಳ ಆಡಿ ಸೋತರು, ಕೈ ಮೇಲೆ ನಡೆದರು, ನಮ್ಮ ಪ್ರಿನ್ಸಿಪಾಲರು ಕನ್ನಡಕ ಹುಡುಕುವುದನ್ನು ಅವರೆದುರೇ ಮಾಡಿ ತೋರಿಸಿದರು. ಕೊನೆಗೆ ಹೆಚ್ಚುಕಮ್ಮಿ ತಮ್ಮಷ್ಟೇ ಉದ್ದದ ಟೊಳ್ಳು ಮರದ ಕೊಳವೆಯೊಂದನ್ನು ನೆಲಕ್ಕೆ ಆನಿಸಿ ಊದಿದರು. ಡಿಜೆರಿಡೂ ಅಂತ, ಆಸ್ಟ್ರೇಲಿಯಾದ ಮೂಲನಿವಾಸಿಗಳ ವಾದ್ಯವಂತೆ. ಕುರ್ಚಿಯ ಕಾಲು ನಡುಗುವಂಥ ಸದ್ದು, ಎರಡು ನಿಮಿಷ ಒಮ್ಮೆಯೂ ಕಡಿಯಲಿಲ್ಲ. ಅಷ್ಟು ಹೊತ್ತು ನನ್ನ ಟೆನ್ಶನ್ ಎಲ್ಲಿ ಹೋಗಿತ್ತೋ.

ನಾನೇ, ಅಪ್ಪ, ನಾನೇ ಹೋಗಿ "ಸರ್, ಉಸಿರು ಯಾವಾಗ ತಗೋತೀರಿ?" ಅಂತ ಕೇಳಿದೆ.

"ಕೆನ್ನೇಲಿ ಒಂದು ಗುಟುಕು ಗಾಳಿ ಉಳಿಸ್ಕೋ ತಾಯಿ. ಅದನ್ನ ಹೊರಗೆ ತಳ್ತಾ ಮೂಗಿಂದ ಒಳಗೆ ಎಳ್ಕೋ. ಲೋಟದ ನೀರಲ್ಲಿ ಸ್ಟ್ರಾ ಇಟ್ಟು ಊದು. ಗುಳ್ಳೆ ನಿಲ್ಲದೇ ಬಂದ ದಿನ ನೀನು ಪಾಸು," ಅಂದರು.

ಪ್ಲಂಬರ್ ಬಿಟ್ಟುಹೋಗಿದ್ದ ಪ್ಲಾಸ್ಟಿಕ್ ಪೈಪಿನ ಬಾಯಿಗೆ ಮೇಣ ಮೆತ್ತಿ ನಾನೂ ಒಂದು ಮಾಡಿಕೊಂಡೆ. ರೂಮ್‌ಮೇಟ್ "ಯಾರದೇ ಆ ಎಮ್ಮೆ, ಕಟ್ಹಾಕು" ಅನ್ನುತ್ತಾಳೆ. ವಾರ್ಡನ್ ನೀರಿನ ಪಂಪು ಕೆಟ್ಟಿದೆ ಅಂತ ಎರಡು ಸಲ ಚೆಕ್ ಮಾಡಿಸಿದರು. ಯಾವ ಧೈರ್ಯದಲ್ಲೋ 24ರ ಹಾಸ್ಟೆಲ್ ಡೇಗೆ ಹೆಸರು ಕೊಟ್ಟುಬಿಟ್ಟೆ. ಈಗ ಭಯ. ಹನ್ನೊಂದನೇ ಸೆಕೆಂಡಿಗೆ ಸದ್ದು ಕಡಿದುಹೋಗುತ್ತದೆ, ದಿನವೂ ಅಲ್ಲೇ.

ನಿನ್ನೆ ಲೋಟ ಹಿಡಿದು ಕೂತಿದ್ದಾಗ ಕನ್ನಡಿಯಲ್ಲಿ ನನ್ನ ಉಬ್ಬಿದ ಕೆನ್ನೆ ಕಂಡಿತು. ನಿಮ್ಮದೇ ಮುಖ! ಕೆಲಸದ ಮಣೆಯ ಮುಂದೆ ನೀವು, ತುಟಿಯಲ್ಲಿ ಊದುಗೊಳವೆ, ದೀಪದ ಉರಿ ಸೂಜಿಯಂತೆ ಬಾಗಿ ಬಂಗಾರದ ಬೆಸುಗೆಯ ಮೇಲೆ. ಆ ಉರಿ ಒಮ್ಮೆಯೂ ಕುಗ್ಗುತ್ತಿರಲಿಲ್ಲ. ರಜೆಗೆ ಬಂದಾಗ ನಾನು ನಿಮ್ಮ ಕೆನ್ನೆಗೆ ಬೆರಳು ಚುಚ್ಚುತ್ತಿದ್ದೆ. ಬೆಸುಗೆ ಕೆಡುತ್ತಿತ್ತು, ನೀವು ಬೈಯದೆ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದಿರಿ. ತಾತ ನಿಮ್ಮಿಂದಲೂ ಲೋಟದ ನೀರಿನಲ್ಲಿ ಗುಳ್ಳೆ ಊದಿಸಿ, ಆಮೇಲೇ ಕೊಳವೆ ಕೈಗೆ ಕೊಟ್ಟಿದ್ದು ಅಂತ ಅಮ್ಮ ಹೇಳಿದ್ದು ಆಗ ನೆನಪಾಯಿತು. ಆ ಕಲಾವಿದರ ಎರಡು ನಿಮಿಷಕ್ಕೆ ಇಡೀ ಹಾಲ್ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನೀವು ಇಪ್ಪತ್ತೆಂಟು ವರ್ಷದಿಂದ ದಿನವಿಡೀ ಅದನ್ನೇ ಮಾಡುತ್ತಿದ್ದೀರಿ, ಗೋಡೆಯ ಕಡೆ ಮುಖ ಮಾಡಿಕೊಂಡು.

18ರ ಭಾನುವಾರ ಮನೆಯವರು ಹಾಸ್ಟೆಲಿಗೆ ಬಂದು ನಮ್ಮನ್ನು ನೋಡಬಹುದು. ಬರುತ್ತೀರಾ? ಊದುಗೊಳವೆಯನ್ನೂ ತನ್ನಿ. ಹನ್ನೊಂದನೇ ಸೆಕೆಂಡಿನಲ್ಲಿ ನಾಲಗೆ ಎಲ್ಲಿರಬೇಕು ಅಂತ ನನಗೆ ತೋರಿಸಿಕೊಡಿ.

ಅಮ್ಮನಿಗೆ ನಾನು ಸರಿಯಾಗಿ ತಿನ್ನುತ್ತಿದ್ದೇನೆ ಅಂತ ಹೇಳಿ. ಸ್ಟೇಜಿನ ಮೇಲೆ ಸದ್ದು ಕಡಿಯದಿರಲಿ ಅಂತ ಇಬ್ಬರೂ ಹರಸಿ.

ನಿಮ್ಮ
ಗುಬ್ಬಿ

ತಾ.ಕ.: ಇದು ಮರೆತದ್ದಲ್ಲ, ಮೇಲೆ ಬರೆಯಲಾಗದೆ ಇಲ್ಲಿಗೆ ದಬ್ಬಿದ್ದು. ನಾನು ಹೊರಟ ದಿನ ನೀವು "ಯಾವ ಸಬ್ಜೆಕ್ಟ್ ತಗೋತೀಯ?" ಅಂತ ಕೇಳಿದ್ದಕ್ಕೆ, "ಬೆಳಗಿಂದ ಸಂಜೆವರೆಗೂ ಕೊಳವೆ ಊದೋರಿಗೆ ಅದೆಲ್ಲ ಏನು ಗೊತ್ತಾಗುತ್ತೆ?" ಅಂದೆ. ನೀವು ದೀಪ ಆರಿಸಿ ಒಳಗೆ ಹೋದಿರಿ. ಅರ್ಧ ಬೆಸೆದ ಬಳೆ ಮಣೆಯ ಮೇಲೇ ಇತ್ತು. ತಪ್ಪಾಯಿತು ಅಪ್ಪ. ಬರಲಾಗದಿದ್ದರೂ ಸರಿ, ಬೇಗ ಉತ್ತರ ಬರೆಯಿರಿ. ಅಮ್ಮನ ಕೈಯಲ್ಲಿ ಬರೆಸಬೇಡಿ.