ಪಡುಹಿತ್ಲಿನ ಗೋಡೆ ನಿಮ್ಮದೆಂದು ಒಪ್ಪಿಕೊಂಡಿದ್ದಕ್ಕೆ

ಕಡಲ್ಕೊರೆತ ತಡೆ ಕಾಮಗಾರಿಗಳ ಉಪವಿಭಾಗದ ಮುಖ್ಯಸ್ಥರಾದ, ನಮಗೆ ನೋಟಿಸು ಕಳಿಸಿದ ಮಾನ್ಯರೇ,

ಪಡುಹಿತ್ಲಿನ ಕಡಲ ತಡೆಗೋಡೆಯ ಕಲ್ಲುಗಳ ಮೇಲೆ ಹಳದಿ ಬಣ್ಣದಲ್ಲಿ ಒಂದರಿಂದ ಅರವತ್ತನಾಲ್ಕರವರೆಗೆ ಅಂಕಿ ಬರೆದು ‘ಸರ್ಕಾರಿ ಆಸ್ತಿಯನ್ನು ವಿರೂಪಗೊಳಿಸಿದ’ ಕಾರಣಕ್ಕೆ ನನ್ನ ಮೇಲೂ ನನ್ನ ಅತ್ತಿಗೆ ವನಜಾ ಅವರ ಮೇಲೂ ಏಕೆ ಕ್ರಮ ಕೈಗೊಳ್ಳಬಾರದು ಎಂದು ಕೇಳಿ ತಾವು ಕಳಿಸಿದ ನೋಟಿಸು ತಲುಪಿದೆ. ಹದಿನೈದು ದಿನಗಳೊಳಗೆ ಅಂಕಿಗಳನ್ನು ಅಳಿಸಿ ಸಮಜಾಯಿಷಿ ಸಲ್ಲಿಸಬೇಕೆಂದು ಆಜ್ಞಾಪಿಸಿದ್ದೀರಿ. ಅಂಕಿ ಬರೆದದ್ದು ನಿಜ, ನಾವೇ ಬರೆದೆವು. ಸಮಜಾಯಿಷಿಯನ್ನು ಪತ್ರಿಕೆಯಲ್ಲಿ ಸಲ್ಲಿಸುತ್ತಿದ್ದೇನೆ. ಇದಕ್ಕೆ ಮೊದಲು ಲಕೋಟೆಯಲ್ಲಿ ಕಳಿಸಿದ ಐದು ಪತ್ರಗಳು ತಮ್ಮ ಕಚೇರಿಯ ಯಾವ ಮೂಲೆಯಲ್ಲಿ ಕೂತಿವೆ ಎಂಬುದು ತಮಗೂ ಗೊತ್ತಿಲ್ಲವಾದ್ದರಿಂದ ಈ ದಾರಿ ಹಿಡಿಯಬೇಕಾಯಿತು.

ಮೊದಲು ವಿಷಯ ಹೇಳಿಬಿಡುತ್ತೇನೆ. ಆ ಗೋಡೆಯ ನಟ್ಟನಡುವೆ ಐದು ಜಾಗಗಳಲ್ಲಿ ಕಲ್ಲು ಕುಸಿದಿದೆ. ಅಲ್ಲಿಂದ ಮೂವತ್ತು ಹೆಜ್ಜೆ ಹಿಂದೆ ನಮ್ಮ ಬಾವಿ ಇದೆ. ಹದಿನೆಂಟು ಮನೆಗಳು ಕುಡಿಯುವುದು ಅದರ ನೀರನ್ನು. ಈ ಮಳೆಗಾಲದಲ್ಲಿ ಕಡಲು ಆ ಸಂದಿಯಿಂದ ಒಳಗೆ ನುಗ್ಗಿದರೆ ಬಾವಿ ಹೋದಂತೆ. ಉಪ್ಪಾದ ಬಾವಿಯನ್ನು ಸಿಹಿ ಮಾಡುವ ಕಾಮಗಾರಿ ತಮ್ಮ ಇಲಾಖೆಯಲ್ಲಾಗಲಿ ಬೇರೆ ಯಾವ ಇಲಾಖೆಯಲ್ಲಾಗಲಿ ಇದ್ದಂತೆ ಕಾಣೆ. ಇವತ್ತು ಮೇ ಹನ್ನೆರಡು. ಮಳೆ ತಮ್ಮ ಕಡತಕ್ಕಾಗಿ ಕಾಯುವುದಿಲ್ಲ.

‘ಹೈದರಾಬಾದಿನಲ್ಲಿ ಕೂತವರಿಗೆ ಕಡಲಿನ ಚಿಂತೆ ಯಾಕೆ ಮೇಡಂ?’ ಎಂದು ತಮ್ಮ ಕಚೇರಿಯ ಗುಮಾಸ್ತರೊಬ್ಬರು ಫೋನಿನಲ್ಲಿ ನನ್ನನ್ನು ಕೇಳಿದ್ದರು. ಒಳ್ಳೆಯ ಪ್ರಶ್ನೆ. ನಾನಿರುವುದು ನಾರಾಯಣಗೂಡದಲ್ಲಿ. ಇಲ್ಲಿರುವ ನೀರೆಂದರೆ ಹುಸೇನ್ ಸಾಗರದ್ದು. ಅದು ಯಾರ ಮನೆಯೊಳಗೂ ಬರುವುದಿಲ್ಲ, ವಾಸನೆಯನ್ನಷ್ಟೇ ಕಳಿಸುತ್ತದೆ. ಆದರೆ ನನಗೆ ಕಡಲಿನ ಚಿಂತೆ ಮಾಡುವುದಕ್ಕೇ ಸಂಬಳ ಕೊಡುತ್ತಾರೆ. ಮಾಧಾಪುರದ ಒಂದು ಗಾಜಿನ ಕಟ್ಟಡದ ಏಳನೆಯ ಮಹಡಿಯಲ್ಲಿ ನಾವು ಇಪ್ಪತ್ತಾರು ಜನ ಕೂತು ಇಂಗ್ಲೆಂಡಿನ ಪುಟ್ಟ ಪುಟ್ಟ ಊರುಗಳ ನಗರಸಭೆಗಳಿಗಾಗಿ ಅವರ ಕಡಲ ತಡೆಗೋಡೆಗಳನ್ನು ನೋಡಿಕೊಳ್ಳುತ್ತೇವೆ. ಕಲ್ಲು ಹೊರುವುದಿಲ್ಲ. ವಹಿ ಇಡುತ್ತೇವೆ. ಅಲ್ಲಿ ಪ್ರತಿ ಗೋಡೆಗೂ ಸಂಖ್ಯೆಯಿದೆ, ಗೋಡೆಯ ಪ್ರತಿ ತುಂಡಿಗೂ ಇದೆ. ಆರು ತಿಂಗಳಿಗೊಮ್ಮೆ ಒಬ್ಬ ಮನುಷ್ಯ ಅದರ ಉದ್ದಕ್ಕೂ ನಡೆದು, ಫೋಟೊ ತೆಗೆದು, ಒಂದರಿಂದ ಐದರವರೆಗೆ ದರ್ಜೆ ಹಾಕುತ್ತಾನೆ. ಒಂದೆಂದರೆ ಗಟ್ಟಿ, ಐದೆಂದರೆ ಮುಗಿಯಿತು. ಅದು ಕಂಪ್ಯೂಟರಿನಲ್ಲಿ ನಮಗೆ ಬರುತ್ತದೆ. ನಾಲ್ಕು ಕಂಡರೆ ನಾವು ಅಲ್ಲಿನ ಎಂಜಿನಿಯರಿಗೆ ನೆನಪಿನ ಪತ್ರ ಬರೆಯುತ್ತೇವೆ. ಉತ್ತರ ಬರದಿದ್ದರೆ ಮತ್ತೆ ಬರೆಯುತ್ತೇವೆ.

ಕಳೆದ ವರ್ಷ ಅಂಥ ಒಂದು ಊರಿನಲ್ಲಿ ಗೋಡೆಯ ಕಲ್ಲೊಂದು ಸರಿದು, ವಾಕಿಂಗಿಗೆ ಬಂದ ಅಜ್ಜಿಯೊಬ್ಬರ ನಾಯಿಯ ಕಾಲು ಸಂದಿಯಲ್ಲಿ ಸಿಕ್ಕಿಕೊಂಡಿತು. ನಾಯಿಗೆ ಏನೂ ಆಗಲಿಲ್ಲ. ಅಜ್ಜಿ ನಗರಸಭೆಗೆ ಪತ್ರ ಬರೆದರು, ನಗರಸಭೆ ನಮಗೆ ಬರೆಯಿತು, ನಾನು ಆ ತುಂಡಿನ ಸಂಖ್ಯೆ ಹುಡುಕಿ ದರ್ಜೆಯನ್ನು ಎರಡರಿಂದ ಮೂರಕ್ಕೆ ಇಳಿಸಿದೆ. ಹತ್ತೊಂಬತ್ತನೆಯ ದಿನ ಕಲ್ಲು ಜಾಗಕ್ಕೆ ಬಂದು ಕೂತಿತು. ಫೋಟೊ ಬಂತು. ನಾನು ಹೆಮ್ಮೆಯಿಂದ ಈ ಕತೆಯನ್ನು ಊರಿಗೆ ಫೋನು ಮಾಡಿ ವನಜಾ ಅತ್ತಿಗೆಗೆ ಹೇಳಿದೆ. ಅಣ್ಣ ಮೀನುಗಾರಿಕೆಯ ದೋಣಿಯಲ್ಲಿ ವಾರಗಟ್ಟಲೆ ಕಡಲಲ್ಲೇ ಇರುವುದರಿಂದ ದಡದ ಮೇಲಿನ ಸಕಲ ಕಾರುಬಾರೂ ಅತ್ತಿಗೆಯದೇ. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದ್ದು ಇಷ್ಟೇ: “ಅಲ್ಲ ಶಾಮಲಾ, ಆ ಊರಿನ್ ನಾಯಿ ಕಾಲಿಗ್ ಕಲ್ಲ್ ತಾಗ್ರೆ ನೀ ಕಾಗ್ದ ಬರೀತೆ. ನಮ್ ಬಾವಿ ಬುಡಕ್ಕೆ ಕಡ್ಲ್ ಬಂದ್ರೂ ಬರಿಯೂಕೆ ನಿಂಗೆ ಪುರ್ಸೊತ್ತಿಲ್ಯಾ?”

ನನಗೆ ನಾಚಿಕೆಯಾಯಿತು. ಮೂರು ವರ್ಷಗಳ ಕೆಲಸದಲ್ಲಿ, ನಾನು ನೋಡೇ ಇರದ ಗೋಡೆಗಳ ಬಿರುಕುಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ನಾನು ಬೆಳೆದ ಊರಿನ ಗೋಡೆ ಯಾರ ವಹಿಯಲ್ಲಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಈ ತಪ್ಪು ನನ್ನದು, ಇದಕ್ಕೆ ತಮ್ಮನ್ನು ದೂರುವುದಿಲ್ಲ.

ಆಮೇಲೆ ಕೇಳಿದೆ. ಪಂಚಾಯಿತಿಯವರು, ಗೋಡೆ ನಮ್ಮದಲ್ಲ, ಬಂದರಿನವರದು ಎಂದರು. ಬಂದರಿನವರು, ಬಂದರಿರುವ ಕಡೆ ಮಾತ್ರ ನಮ್ಮದು, ಪಡುಹಿತ್ಲಿನಲ್ಲಿ ಬಂದರೆಲ್ಲಿದೆ ಎಂದು ನಮ್ಮನ್ನೇ ಕೇಳಿ, ಕಡಲ್ಕೊರೆತ ತಡೆಯುವ ತಮ್ಮ ಉಪವಿಭಾಗದ ಕಡೆ ಕೈ ತೋರಿಸಿದರು. ತಾವು ಏನನ್ನೂ ಹೇಳಲಿಲ್ಲ. ಕೊನೆಗೆ ಹೊಸದಾಗಿ ಬಂದ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ. ಮೂವತ್ತು ದಿನಗಳ ಗಡುವಿನಲ್ಲಿ ಸರಿಯಾಗಿ ಇಪ್ಪತ್ತೊಂಬತ್ತನೆಯ ದಿನ ತಮ್ಮ ಉತ್ತರ ಬಂತು: ‘ಸದರಿ ಗೋಡೆಯು ಈ ಕಚೇರಿಯ ಆಸ್ತಿ ವಹಿಯಲ್ಲಿ ದಾಖಲಾಗಿರುವುದಿಲ್ಲ.’ ಮುನ್ನೂರಿಪ್ಪತ್ತು ಮೀಟರ್ ಉದ್ದದ, ಎದೆಯೆತ್ತರದ ಗೋಡೆ ಮಾನ್ಯರೇ. ಒಂಬತ್ತು ವರ್ಷಗಳ ಹಿಂದೆ ನಮ್ಮ ಕಣ್ಣೆದುರೇ ಲಾರಿಗಳಲ್ಲಿ ಕಲ್ಲು ಬಂತು, ಶಾಮಿಯಾನ ಹಾಕಿದರು, ಭಾಷಣವಾಯಿತು, ಶಾಲೆಯ ಮಕ್ಕಳಿಗೆ ಲಾಡು ಹಂಚಿದರು. ಆ ಗೋಡೆಯನ್ನು ಕಟ್ಟಿದವರು ಯಾರು? ಕಡಲೇ ತಂದು ಪೇರಿಸಿತೇ? ಹಾಗಾದರೆ ಲಾಡು ಕೊಟ್ಟವರು ಯಾರು?

ವಹಿಯಲ್ಲಿ ಇಲ್ಲದ ಗೋಡೆಯನ್ನು ಯಾರೂ ಪರೀಕ್ಷಿಸುವುದಿಲ್ಲ. ಪರೀಕ್ಷಿಸದ ಗೋಡೆ ಕುಸಿಯುವುದೂ ಇಲ್ಲ, ಕನಿಷ್ಠ ಕಾಗದದ ಮೇಲೆ. ಹಾಗೆಂದು ತಾವು ಕೈಕಟ್ಟಿ ಕೂತಿದ್ದೀರೆಂದು ನಾನು ಹೇಳಲಾರೆ. ಪ್ರತಿವರ್ಷ ಜುಲೈಯಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬಂದಮೇಲೆ ‘ತುರ್ತು ಕಾಮಗಾರಿ’ ಶುರುವಾಗುತ್ತದೆ. ಆಗ ಕಲ್ಲು ಬರುತ್ತದೆ, ತುಂಬ ಬರುತ್ತದೆ. ಆದರೆ ಬೀಳುವುದು ಗೋಡೆ ಕುಸಿದಲ್ಲಿ ಅಲ್ಲ, ಟಾರು ರಸ್ತೆ ಮುಗಿಯುವಲ್ಲಿ. ಲಾರಿ ತಿರುಗಿಸಲು ಜಾಗವಿರುವುದು ಅಲ್ಲಿ ಮಾತ್ರ. ಅಂದರೆ ತಮ್ಮ ಏರ್ಪಾಟಿನ ಪ್ರಕಾರ, ಲಾರಿ ಎಲ್ಲಿ ತಿರುಗುತ್ತದೋ ಕಡಲು ಅಲ್ಲೇ ಕೊರೆಯಬೇಕು. ಕಡಲಿಗೆ ಇದನ್ನು ಇನ್ನೂ ಯಾರೂ ತಿಳಿಸಿದಂತಿಲ್ಲ. ಈಗ ರಸ್ತೆಯ ತುದಿಯಲ್ಲಿ ಕಲ್ಲಿನ ಗುಡ್ಡವೇ ಇದೆ, ಊರಿನ ಆಡುಗಳು ಅದರ ಮೇಲೆ ಹತ್ತಿ ಸಂಜೆಯ ಗಾಳಿ ತೆಗೆದುಕೊಳ್ಳುತ್ತವೆ. ಬಾವಿಯ ಎದುರಿಗೆ ಒಂದು ಕಲ್ಲೂ ಬಂದಿಲ್ಲ.

ಈ ಜನವರಿಯಲ್ಲಿ ನಾನು ಹತ್ತು ದಿನ ರಜೆ ಹಾಕಿ, ಕಾಚಿಗೂಡದಲ್ಲಿ ರೈಲು ಹತ್ತಿ, ಬೆಂಗಳೂರಿನಲ್ಲಿ ಬಸ್ಸು ಹಿಡಿದು ಊರಿಗೆ ಹೋದೆ. ದೋಣಿಗೆ ಹಚ್ಚಿ ಉಳಿದ ಹಳದಿ ಬಣ್ಣವಿತ್ತು. ಅತ್ತಿಗೆ ಹಗ್ಗ ಹಿಡಿದರು, ನಾನು ಅಳೆದೆ, ಐದು ಮೀಟರಿಗೊಂದು ಅಂಕಿ ಬರೆದೆವು. ಬಾವಿಯ ಎದುರಿಗೆ ಬಂದದ್ದು ಇಪ್ಪತ್ತೇಳರಿಂದ ಮೂವತ್ತೊಂದು. ಒಂದರಿಂದ ಐದರವರೆಗಿನ ದರ್ಜೆಯನ್ನು ಅತ್ತಿಗೆಗೆ ವಿವರಿಸಿದಾಗ ಅವರು ಒಪ್ಪಲಿಲ್ಲ. “ಅದೆಲ್ಲ ಬ್ಯಾಡ. ಕಲ್ಲ್ ಅಂದ್ರೆ ಮೂರೇ ನಮೂನಿ” ಎಂದು ತಮ್ಮದೇ ದರ್ಜೆ ಮಾಡಿಕೊಂಡರು: ಕೂತಿದೆ, ಅಲುಗುತ್ತಿದೆ, ಹೋಯಿತು. ಪ್ರತಿ ಅಮಾವಾಸ್ಯೆ, ಹುಣ್ಣಿಮೆಯ ಮರುದಿನ, ದೊಡ್ಡ ಉಬ್ಬರ ಇಳಿದ ಮೇಲೆ, ಮೀನು ಒಣಹಾಕಿ ಬಂದು ಗೋಡೆಯ ಉದ್ದಕ್ಕೂ ನಡೆಯುತ್ತಾರೆ. ಕಾಲಿನಿಂದ ಒದ್ದು ನೋಡುತ್ತಾರೆ. ಏಳನೆಯ ತರಗತಿಯವರೆಗೆ ಓದಿದ ಹೆಂಗಸು ನೋಟುಬುಕ್ಕಿನಲ್ಲಿ ಗೆರೆ ಹೊಡೆದು ಬರೆಯುತ್ತಾರೆ. ನಾನು ನಾಲ್ಕು ವರ್ಷಗಳಲ್ಲಿ ಇಂಗ್ಲೆಂಡಿನಿಂದ ಬಂದ ನೂರಾರು ತಪಾಸಣಾ ವರದಿಗಳನ್ನು ನೋಡಿದ್ದೇನೆ. ಇದಕ್ಕಿಂತ ಸ್ಪಷ್ಟವಾದದ್ದನ್ನು ನೋಡಿಲ್ಲ.

ಫೆಬ್ರವರಿಯ ಪುಟದಲ್ಲಿ ಇಪ್ಪತ್ತೆಂಟು ‘ಅಲುಗುತ್ತಿದೆ’. ಮಾರ್ಚಿನಲ್ಲಿ ‘ಹೋಯಿತು’. ಏಪ್ರಿಲಿನಲ್ಲಿ ಅದರ ಎರಡೂ ಪಕ್ಕದವು ಹೋದವು, ಈ ತಿಂಗಳ ಮೊದಲಿಗೆ ಮೂವತ್ತು, ಮೂವತ್ತೊಂದೂ ಹೋದವು. ಆ ಪುಟಗಳ ಪ್ರತಿಯನ್ನು ಮೂರು ಸಲ ತಮಗೆ ಕಳಿಸಿದೆವು. ಕಲ್ಲು ಹೋದದ್ದಕ್ಕೆ ತಮ್ಮ ಕಚೇರಿಯಿಂದ ಯಾರೂ ಬರಲಿಲ್ಲ. ಬಣ್ಣ ಬಂದದ್ದನ್ನು ನೋಡಲು ಜೀಪಿನಲ್ಲಿ ಇಬ್ಬರು ಬಂದರು. ಗೋಡೆಯ ಉದ್ದಕ್ಕೂ ಹೋಗಿ ಅಂಕಿಗಳ ಫೋಟೊ ತೆಗೆದರಂತೆ. ಸಾಹೇಬರೇ, ಇಲ್ಲಿ ಇಪ್ಪತ್ತೆಂಟು ಇಲ್ಲ ನೋಡಿ ಎಂದು ಅತ್ತಿಗೆ ತೋರಿಸಿದಾಗ, “ಇಲ್ಲದ್ದರ ಫೋಟೊ ತೆಗೆಯಲಿಕ್ಕೆ ಬರುವುದಿಲ್ಲಮ್ಮ” ಎಂದರಂತೆ.

ಒಂಬತ್ತು ವರ್ಷಗಳಲ್ಲಿ ಆ ಗೋಡೆಯ ಉದ್ದಕ್ಕೂ ತಮ್ಮ ಕಚೇರಿಯವರು ನಡೆದದ್ದು ಅದೇ ಮೊದಲು. ಅದಾದರೂ ಆಯಿತಲ್ಲ.

ನೋಟಿಸು ನಾರಾಯಣಗೂಡಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಬಂದಾಗ ನಾನು ಹೆದರಿದ್ದು ಸುಳ್ಳಲ್ಲ. ನಮ್ಮ ಮನೆತನದಲ್ಲಿ ಇದುವರೆಗೆ ಯಾರಿಗೂ ಸರ್ಕಾರದಿಂದ ಇಂಥ ಕಾಗದ ಬಂದಿರಲಿಲ್ಲ. ನಾನು ಬಾಡಿಗೆಗಿರುವ ಮನೆಯ ಮಾಲೀಕರಾದ ವೀರಭದ್ರಪ್ಪನವರು ಬಿಜಾಪುರದ ಕಡೆಯವರು, ಇಲ್ಲಿನ ರಕ್ಷಣಾ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತರಾದವರು. ನನ್ನ ಮುಖ ನೋಡಿ ಕಾಗದ ಇಸಿದುಕೊಂಡರು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಅವರು ನಗುತ್ತಿದ್ದರು.

“ತಂಗಿ, ಇದೇನು ಅಂಜೂ ಕಾಗದ ಅಲ್ಲ. ಎರಡನೇ ಸಾಲು ಓದು. ‘ಸರ್ಕಾರಿ ಆಸ್ತಿಯಾದ ಸದರಿ ತಡೆಗೋಡೆ’ ಅಂತ ಬರದಾರ. ಹ್ವಾದ ವರ್ಷ ನಮ್ಮದಲ್ಲ ಅಂದಾವ್ರು ಈಗ ನಮ್ಮದು ಅನ್ನಾಕತ್ತಾರ. ಅವರ ಸಹಿ ಐತಿ, ಶಿಕ್ಕಾ ಐತಿ, ತಾರೀಖ ಐತಿ. ಇದನ್ನ ಭಾಳ ಜೋಪಾನ ಇಟ್ಕೊ. ಮದಲ ಹೋಗಿ ಝೆರಾಕ್ಸ್ ಮಾಡಸು.”

“ಆದರೆ ಕಾಕಾ, ಕ್ರಮ ತಗೊಳ್ತೀವಿ ಅಂತ ಬರೆದಿದ್ದಾರಲ್ಲ?”

“ತಗೊಳ್ಳಲಿ. ನಮ್ಮ ಫ್ಯಾಕ್ಟರಿಯೊಳಗ ಕುರ್ಚಿಗೂ ನಂಬರ್ ಇರ್ತಿತ್ತು, ಬಾಗಲಕ್ಕೂ ಇರ್ತಿತ್ತು. ನಂಬರ್ ಇಲ್ಲಂದ್ರ ನನಗ ಮೆಮೊ ಕೊಡ್ತಿದ್ರು. ನಂಬರ್ ಹಾಕಿದ್ದಕ್ಕ ನೋಟಿಸ್ ಕೊಟ್ಟದ್ದು ನಾ ಇದ ಮದಲ ನೋಡಾಕತ್ತೀನಿ.”

ಆ ಸಂಜೆಯೇ ಐದು ಪ್ರತಿ ಮಾಡಿಸಿದೆ. ಆದ್ದರಿಂದ ನನ್ನ ಸಮಜಾಯಿಷಿಯ ಮುಖ್ಯ ಅಂಶ ವಂದನಾರ್ಪಣೆ. ಗೋಡೆ ತಮ್ಮದೆಂದು ಲಿಖಿತವಾಗಿ ಒಪ್ಪಿಕೊಂಡಿದ್ದಕ್ಕೆ ಹದಿನೆಂಟು ಮನೆಗಳ ಪರವಾಗಿ ಕೃತಜ್ಞತೆಗಳು. ಇದು ಕೈತಪ್ಪಿನಿಂದ ಆಗಿದ್ದರೂ ಸಂತೋಷವೇ.

ಇನ್ನು ಅಳಿಸುವ ವಿಚಾರ. ತಮ್ಮ ಆಜ್ಞೆಯನ್ನು ಸ್ವಲ್ಪಮಟ್ಟಿಗೆ ಆಗಲೇ ಪಾಲಿಸಲಾಗಿದೆ. ಅರವತ್ತನಾಲ್ಕರಲ್ಲಿ ಹನ್ನೊಂದು ಅಂಕಿಗಳು ಈಗ ಅಲ್ಲಿಲ್ಲ, ಕಲ್ಲುಗಳ ಸಮೇತ ಇಲ್ಲ. ಇದು ಅಂಕಿ ಬರೆದದ್ದಕ್ಕಿಂತ ದೊಡ್ಡ ವಿರೂಪವಲ್ಲವೇ? ಇದಕ್ಕೆ ನೋಟಿಸನ್ನು ಯಾರ ವಿಳಾಸಕ್ಕೆ ಕಳಿಸಿದ್ದೀರಿ? ಉಳಿದ ಐವತ್ಮೂರನ್ನು ನಾವು ಅಳಿಸುವುದಿಲ್ಲ. ತಾವು ಕೇಸು ಹಾಕುವುದಾದರೆ ಹಾಕಿ. ಒಂದೇ ಕೋರಿಕೆ, ದೋಷಾರೋಪ ಪಟ್ಟಿಯಲ್ಲಿ ಯಾವ ಅಂಕಿ ಯಾವ ಕಲ್ಲಿನ ಮೇಲಿತ್ತು, ಕಲ್ಲು ಈಗ ಯಾವ ಸ್ಥಿತಿಯಲ್ಲಿದೆ ಎಂದು ಒಂದೊಂದಾಗಿ ಬರೆಯಿರಿ. ಆಗ ನಮ್ಮ ಗೋಡೆಗೆ ತಮ್ಮ ಕಚೇರಿಯಲ್ಲೊಂದು ವಹಿ ಹುಟ್ಟುತ್ತದೆ. ನ್ಯಾಯಾಲಯದ ಮುಖಾಂತರವಾದರೂ ಆಗಲಿ.

ಇಷ್ಟು ಹೊತ್ತು ನಗುತ್ತಾ ಬರೆದೆ. ನಿಜ ಹೇಳಬೇಕೆಂದರೆ ನನಗೆ ನಗು ಬರುತ್ತಿಲ್ಲ, ಸಿಟ್ಟು ಬರುತ್ತಿದೆ. ದಿನಾ ಬೆಳಿಗ್ಗೆ ಮಾಧಾಪುರದಲ್ಲಿ ಕಂಪ್ಯೂಟರು ತೆರೆದರೆ ಬೇರೆ ಯಾರದೋ ಊರಿನ ಕಡಲು ಒಂದಡಿ ಮುಂದೆ ಬಂದರೂ ಕೆಂಪು ಗುರುತು ಹೊಳೆಯುತ್ತದೆ. ನಮ್ಮ ಊರಿನ ಕಡಲಿಗೆ ಗುರುತು ಮಾಡಿದರೆ ಅದು ಅಪರಾಧ. ಅವರೇನು ನಮಗಿಂತ ಜಾಣರೇ? ಅವರ ವಹಿ ಇಡುತ್ತಿರುವವರು ನಾವೇ ತಾನೇ? ನಮ್ಮ ಹುಡುಗಿಯರು, ನಮ್ಮ ಹುಡುಗರು, ಹಗಲಿಡೀ ಕೂತು ಇಡುತ್ತಿದ್ದೇವೆ. ನಮಗೆ ಕೆಲಸ ಬರುವುದಿಲ್ಲ ಎಂದಲ್ಲ. ನಮ್ಮ ಊರಿನಲ್ಲಿ ಅದನ್ನು ಯಾರೂ ಕೇಳಿಲ್ಲ.

ಬೇಕಾಗಿರುವುದು ಹೊಸ ಗೋಡೆಯಲ್ಲ, ಯೋಜನೆಯಲ್ಲ, ಸಮಿತಿಯೂ ಅಲ್ಲ. ಜೂನ್ ಮೊದಲ ವಾರದೊಳಗೆ ತಮ್ಮ ಎಂಜಿನಿಯರೊಬ್ಬರು ವನಜಾ ಅವರ ಜೊತೆ ಆ ಮುನ್ನೂರಿಪ್ಪತ್ತು ಮೀಟರ್ ನಡೆಯಲಿ. ಅವರ ನೋಟುಬುಕ್ಕಿನ ಕೊನೆಯ ಪುಟಕ್ಕೆ ಸಹಿ ಮಾಡಲಿ. ಇಪ್ಪತ್ತೇಳರಿಂದ ಮೂವತ್ತೊಂದರವರೆಗಿನ ಸಂದಿಗೆ ಕಲ್ಲು ಹಾಕಿಸಲಿ. ಕಲ್ಲು ಎಲ್ಲಿಂದಲೂ ತರಬೇಕಿಲ್ಲ, ರಸ್ತೆಯ ತುದಿಯಲ್ಲಿ ತಾವೇ ಸುರಿದದ್ದಿದೆ. ಇಳಿತದ ಹೊತ್ತಿನಲ್ಲಿ ಮರಳಿನ ಮೇಲೆ ಜೆಸಿಬಿ ಆರಾಮಾಗಿ ಹೋಗುತ್ತದೆ, ಎರಡು ದಿನದ ಕೆಲಸ. ಇಳಿತ ಯಾವ ದಿನ ಎಷ್ಟು ಹೊತ್ತಿಗೆ ಎಂಬುದನ್ನು ಅತ್ತಿಗೆ ಬರೆದುಕೊಡುತ್ತಾರೆ.

ಜುಲೈವರೆಗೆ ಕಾಯೋಣ, ತುರ್ತು ಕಾಮಗಾರಿಯಲ್ಲಿ ನೋಡೋಣ ಎಂದು ತಾವು ಟಿಪ್ಪಣಿ ಬರೆಯುವ ಮುನ್ನ ಇನ್ನೊಂದು ಮಾತು. ಕಳೆದ ಭಾನುವಾರ ಅತ್ತಿಗೆಗೆ ಫೋನು ಮಾಡಿದ್ದೆ. ಊಟವಾಯಿತೇ ಎಂದು ಕೇಳಿದೆ. “ಗಂಜಿ ಉಂಡೆ” ಎಂದರು. ಆಮೇಲೆ, “ಈಗ ಗಂಜಿಗೆ ಉಪ್ಪ್ ಹಾಕೂದ್ ಬಿಟ್ಟಿದೆ ಶಾಮಲಾ. ಬಾವಿ ನೀರಲ್ಲೇ ಇತ್ತಲ್ಲ” ಎಂದರು.

ಇಂತಿ,
ತಮ್ಮ ಗೋಡೆಯನ್ನು ತಮ್ಮ ಅಪ್ಪಣೆಯಿಲ್ಲದೆ ಎಣಿಸಿದ ಇಬ್ಬರಲ್ಲಿ ಒಬ್ಬಳು,
ಶಾಮಲಾ
ನಾರಾಯಣಗೂಡ, ಹೈದರಾಬಾದು
೧೨ ಮೇ ೨೦೦೭